ಪೇಟೆಗೆ ಹೋಟೆಲು ಬಂತು, ಕೌಲು ಬರಲಿಲ್ಲ

(ಬಳ್ಳಾರಿಯ ಹಳೇ ಪೇಟೆಯ ಅಂಗಡಿಕಾರರು, ಕಟ್ಟಡದ ಮಾಲೀಕರು ಸೇರಿದ್ದ ಒಂದು ಸಂಜೆಯ ಸಭೆಯಲ್ಲಿ, ಪೇಟೆಯ ಸಣ್ಣ ಹೋಟೆಲುಗಳು ಮತ್ತು ಅವುಗಳ ಬಾಡಿಗೆ ಕರಾರಿನ ಬಗ್ಗೆ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಜಗಳ ಆದ ಭಾಗ ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೈಕು ಕೈಗೆ ಕೊಡುವಾಗ "ಅರ್ಧ ತಾಸಿನಾಗ ಮುಗಿಸ್ರಿ, ಮಿರ್ಚಿ ಆರ್ತಾವ" ಅಂದಿದ್ದಾರೆ. ಮುಗಿಸುತ್ತೇನೆ. ನನಗೆ ಭಾಷಣ ಬರುವುದಿಲ್ಲ, ಲೆಕ್ಕ ಬರೆಯೋದು ಬರುತ್ತದೆ. ಈ ಪೇಟೆಯ ಇಪ್ಪತ್ತರ ಹತ್ತಿರ ಸಣ್ಣ ಹೋಟೆಲುಗಳ ಲೆಕ್ಕ ನನ್ನ ಟೇಬಲ್ಲಿಗೆ ಬರುತ್ತದೆ. ಕೆಲವರು ನೀಟಾಗಿ ಮೊಬೈಲಿನಲ್ಲಿ ಕಳಿಸುತ್ತಾರೆ. ಕೆಲವರು ತಿಂಗಳ ಬಿಲ್ಲನ್ನೆಲ್ಲ ಒಂದು ಕ್ಯಾರಿಬ್ಯಾಗಿಗೆ ತುಂಬಿ ತಂದು ಸುರಿದು ಹೋಗುತ್ತಾರೆ. ಎಣ್ಣೆ ಮೆತ್ತಿರುತ್ತದೆ, ಅರಿಶಿನ ಮೆತ್ತಿರುತ್ತದೆ. ಮೂಸಿ ನೋಡಿ ಇದು ಯಾರ ಬಿಲ್ಲು ಅಂತ ಹೇಳಬಲ್ಲೆ. ನಗಬೇಡಿ, ನಿಜ.

ನಮ್ಮ ಕಡೆ ಹೋಟೆಲು ಅಂದರೆ ತಿನ್ನುವ ಜಾಗ, ಮಲಗುವ ಜಾಗ ಲಾಡ್ಜು. ಈಗಿನ ಹುಡುಗರು ಕೆಫೆ, ಕಿಚನ್, ರೆಸ್ಟೋರೆಂಟ್ ಅಂತ ಬೋರ್ಡು ಹಾಕುತ್ತಾರೆ. ನಾನು ಎಲ್ಲವನ್ನೂ ಹೋಟೆಲು ಅಂತಲೇ ಕರೆಯುತ್ತೇನೆ. ಇಲ್ಲಿ ಕೂತಿರುವ ಇಬ್ಬರು ಕೆಫೆಯವರು ಬೇಜಾರು ಮಾಡಿಕೊಳ್ಳಬಾರದು.

ಹಳೇ ಪೇಟೆಗೆ ಮತ್ತೆ ಜೀವ ಬಂತು ಅಂತ ಎಲ್ಲರೂ ಮಾತಾಡುತ್ತಿದ್ದಾರೆ. ಬೆಂಗಳೂರು ರೋಡು, ತೇರು ಬೀದಿ, ಕಾಳಮ್ಮ ಬೀದಿ, ಈ ಕಡೆ ಬ್ರೂಸ್ ಪೇಟೆ. ರಾತ್ರಿ ಎಂಟೂವರೆಗೆ ಶಟರ್ ಎಳೆದರೆ ನಾಯಿಗಳಿಗೆ ಬಿಟ್ಟುಕೊಡುತ್ತಿದ್ದ ಬೀದಿಗಳು ಇವು. ಈಗ ಅದೇ ಬೀದಿಯಲ್ಲಿ ಹತ್ತು ಗಂಟೆಗೂ ಗಾಡಿ ನಿಲ್ಲಿಸೋಕೆ ಜಾಗ ಹುಡುಕಬೇಕು. ಯಾಕೆ? ಸೀರೆ ಕೊಳ್ಳೋಕೆ ಯಾರೂ ಹತ್ತು ಗಂಟೆಗೆ ಬರಲ್ಲ. ಬಂಗಾರಕ್ಕೂ ಬರಲ್ಲ. ಬರುತ್ತಿರುವುದು ಊಟಕ್ಕೆ. ಹಳೇ ಬಟ್ಟೆ ಗೋಡೌನಿನಲ್ಲಿ ರೊಟ್ಟಿ ಊಟ ಶುರುವಾಗಿದೆ. ಟೈಪಿಂಗ್ ಕಲಿಸುತ್ತಿದ್ದ ಕೋಣೆಯಲ್ಲಿ ದೋಸೆ ಹೊಯ್ಯುತ್ತಿದ್ದಾರೆ. ಜೀನ್ಸ್ ಕಟಿಂಗ್ ಮಾಡುತ್ತಿದ್ದ ಮಾಸ್ತರರೊಬ್ಬರು ಮಷೀನು ಮಾರಿ ಬಿರಿಯಾನಿ ಹಂಡೆ ಇಟ್ಟಿದ್ದಾರೆ. ಇವರ ಹಿಂದೆ ಯಾವ ಕಂಪನಿಯೂ ಇಲ್ಲ. ಒಂದು ಸಂಸಾರ, ಒಂದು ಸಾಲ, ಒಂದು ಒಲೆ. ಅಷ್ಟೇ.

ಪೇಟೆ ಸಪ್ಪಗಾಗಿದ್ದು ಯಾವಾಗ ಅಂತ ಇಲ್ಲಿರುವ ಹಿರಿಯರಿಗೆ ನಾನು ಹೇಳಬೇಕಿಲ್ಲ. ಗಣಿ ದುಡ್ಡು ಹರಿದ ಕಾಲದಲ್ಲಿ ಊರಿನ ಹೊರಗೆ, ಹೈವೇ ಬದಿಗೆ ದೊಡ್ಡ ದೊಡ್ಡ ಎಸಿ ಹೋಟೆಲು ಎದ್ದವು. ಕಾರಿದ್ದವರು ಆ ಕಡೆ ಹೋದರು. ಪೇಟೆಯ ಹಳೇ ಖಾನಾವಳಿಗಳು, ಉಡುಪಿ ಹೋಟೆಲುಗಳು ಮಂಕಾದವು. 2011ರ ಜುಲೈ 29ಕ್ಕೆ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಆ ವರ್ಷದ ಲೆಕ್ಕ ನನ್ನ ಹತ್ತಿರ ಇನ್ನೂ ಇದೆ. ಒಂದು ದೊಡ್ಡ ಹೋಟೆಲಿನ ಪುಸ್ತಕದಲ್ಲಿ ಜೂನಿಗೂ ಸೆಪ್ಟೆಂಬರಿಗೂ ನಡುವೆ ಹೊಂಡ ಬಿದ್ದಿದೆ. ಅದೇ ನಾಲ್ಕು ತಿಂಗಳಲ್ಲಿ ತೇರು ಬೀದಿಯ ಒಂದು ಟೀ ಅಂಗಡಿಯ ಲೆಕ್ಕದಲ್ಲಿ ಏನೂ ಆಗಿಲ್ಲ. ಹಾಲು ಅಷ್ಟೇ, ಸಕ್ಕರೆ ಅಷ್ಟೇ. ಆ ಟೀ ಅಂಗಡಿ ಗಣಿ ದುಡ್ಡಿನ ಮೇಲೆ ನಿಂತಿರಲಿಲ್ಲ.

ಈಗ ನನ್ನದೇ ಕತೆ. ಊರವರ ಲೆಕ್ಕ ಬರೆಯುವವನು ತಾನೇ ಹೋಟೆಲು ಇಟ್ಟು ಮುಳುಗಿದ ಕತೆ. ಕೆಲವರಿಗೆ ಗೊತ್ತು, ಅದಕ್ಕೇ ಅಲ್ಲಿ ಹಿಂದೆ ನಗುತ್ತಿದ್ದಾರೆ.

2018ರಲ್ಲಿ ನಾನು, ನನ್ನ ಭಾವಮೈದ ಸೇರಿ ಬೆಂಗಳೂರು ರೋಡಿಗೆ ಹತ್ತಿರ ಒಂದು ಮಹಡಿ ಹಿಡಿದೆವು. ಗಾಜಿನ ಬಾಗಿಲು, ಮರದ ಕುರ್ಚಿ, ಗೋಡೆಗೆ ಸೈಕಲ್ ನೇತು ಹಾಕಿದೆವು. ಸೈಕಲ್ ಯಾಕೆ ಅಂತ ಈಗ ಕೇಳಿದರೆ ನನಗೂ ಗೊತ್ತಿಲ್ಲ. ಬೆಂಗಳೂರಲ್ಲಿ ನೋಡಿದ್ದೆವು. ಪಿಜ್ಜಾ, ಪಾಸ್ತಾ, ಕೋಲ್ಡ್ ಕಾಫಿ. ಬೆಳಿಗ್ಗೆ ಹನ್ನೊಂದಕ್ಕೆ ತೆಗೆಯೋದು, ರಾತ್ರಿ ಒಂಬತ್ತೂವರೆಗೆ ಮುಚ್ಚೋದು. ಮೂರು ಎಸಿ. ಆಗ ಎಸಿ ಮೇಲೆ ಜಿಎಸ್‌ಟಿ 28 ಪರ್ಸೆಂಟು. (2025ರ ಸೆಪ್ಟೆಂಬರ್ 22ಕ್ಕೆ 18ಕ್ಕೆ ಇಳಿಸಿದರು. ನಮ್ಮ ಎಸಿ ಅಷ್ಟೊತ್ತಿಗೆ ಯಾರದೋ ಮದುವೆ ಹಾಲಿನಲ್ಲಿತ್ತು.)

ಮೊದಲ ತಿಂಗಳು ಜಾತ್ರೆ. ಎಲ್ಲರೂ ಬಂದರು, ಸೈಕಲ್ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಮಾರ್ಚಿ ಬಂತು. ಬಳ್ಳಾರಿ ಬಿಸಿಲು ನಿಮಗೆ ಗೊತ್ತಲ್ಲ, ಏಪ್ರಿಲ್ ಮೇನಲ್ಲಿ 40 ಡಿಗ್ರಿ ದಾಟೋದು ಸುದ್ದಿಯೇ ಅಲ್ಲ. ಹನ್ನೆರಡರಿಂದ ಐದರವರೆಗೆ ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ. ನಾವು ಆ ಐದು ತಾಸು ಮೂರು ಎಸಿ ಹಾಕಿಕೊಂಡು, ನಾಲ್ಕು ಹುಡುಗರಿಗೆ ಸಂಬಳ ಕೊಟ್ಟು, ಖಾಲಿ ಕುರ್ಚಿ ತಂಪು ಮಾಡುತ್ತಾ ಕೂತಿದ್ದೆವು. ಜನ ಮನೆಯಿಂದ ಹೊರಗೆ ಬೀಳೋದು ಏಳಕ್ಕೆ. ಊಟಕ್ಕೆ ಕೂರೋದು ಒಂಬತ್ತಕ್ಕೆ. ನಾವು ಒಂಬತ್ತೂವರೆಗೆ ಲೈಟು ಆರಿಸುತ್ತಿದ್ದೆವು! ಬೆಳಿಗ್ಗೆ ಆರಕ್ಕೆ ಕೆಳಗಿನ ಬೀದಿ ಕಿಕ್ಕಿರಿದಿರುತ್ತಿತ್ತು, ಆಗ ನಮ್ಮ ಬಾಗಿಲಿಗೆ ಬೀಗ.

ಹೋಟೆಲಿನವರಲ್ಲಿ ಒಂದು ಹಳೇ ಲೆಕ್ಕ ಇದೆ. ತಿಂಗಳ ಬಾಡಿಗೆ ಮೂರು ದಿನದ ವ್ಯಾಪಾರದಲ್ಲಿ ಹೊರಡಬೇಕು. ನಾಲ್ಕು ದಿನ ಆದರೆ ತಡೆದುಕೊಳ್ಳಬಹುದು. ನಮಗೆ ಒಂಬತ್ತು ದಿನ ಬೇಕಾಗುತ್ತಿತ್ತು. ಈ ಲೆಕ್ಕವನ್ನು ನಾನೇ ಹತ್ತಾರು ಜನಕ್ಕೆ ಹೇಳಿಕೊಟ್ಟವನು. ಹದಿನಾಲ್ಕನೇ ತಿಂಗಳಿಗೆ ಬಾಗಿಲು ಹಾಕಿದೆವು. ಭಾವಮೈದ ಈಗಲೂ ಹಬ್ಬಕ್ಕೆ ಬಂದರೆ ಪಿಜ್ಜಾ ಮಾತು ಎತ್ತಲ್ಲ. ಒಳ್ಳೇ ಮನುಷ್ಯ.

ನಾನು ಬಾಗಿಲು ಹಾಕಿದ ಮೇಲೆ ಬೆಳಿಗ್ಗೆ ವಾಕಿಂಗು ಶುರು ಮಾಡಿದೆ. ಡಾಕ್ಟರು ಹೇಳಿದ್ದರು. ಅದೇ ಮಹಡಿಯ ಕೆಳಗೆ, ಮೆಟ್ಟಿಲ ಪಕ್ಕದಲ್ಲಿ ಒಬ್ಬ ಹೆಣ್ಣುಮಗಳು ಮಂಡಕ್ಕಿ ಒಗ್ಗರಣಿ ಮಾಡುತ್ತಿದ್ದಳು. ಹದಿನಾಲ್ಕು ತಿಂಗಳು ಆಕೆಯ ತಲೆಯ ಮೇಲೇ ನಮ್ಮ ಕೆಫೆ ಇತ್ತು. ಒಂದು ದಿನವೂ ನಾನು ನಿಂತು ನೋಡಿರಲಿಲ್ಲ.

ಐದೂಕಾಲಿಗೆ ಒಲೆ ಹಚ್ಚುತ್ತಾಳೆ. ಬಕೆಟ್ ನೀರಿಗೆ ಒಂದು ಬುಟ್ಟಿ ಮಂಡಕ್ಕಿ ಸುರಿದು, ಅಂಗೈಯಿಂದ ಒಮ್ಮೆ ಒತ್ತಿ, ತಕ್ಷಣ ಎತ್ತುತ್ತಾಳೆ. ಎರಡನೇ ಸಲ ಒತ್ತಿದರೆ ಕೆಟ್ಟಿತು, ಅಂಬಲಿ ಆಗುತ್ತದೆ. ಎರಡೂ ಕೈಯಲ್ಲಿ ಹಿಂಡಿ ಉಂಡೆಯಂತೆ ಪರಾತಕ್ಕೆ ಹಾಕಿ, ಬೆರಳಲ್ಲಿ ಬಿಡಿಸುತ್ತಾಳೆ. ಅಷ್ಟರಲ್ಲಿ ಬಾಣಲೆಯಲ್ಲಿ ಈರುಳ್ಳಿ, ಹಸಿಮೆಣಸಿನಕಾಯಿ, ಟೊಮೆಟೊ ಬೆಂದಿರುತ್ತದೆ. ಅರಿಶಿನ ಬಿದ್ದು ಹಳದಿ ಆಗಿರುತ್ತದೆ. ಮಂಡಕ್ಕಿ ಹಾಕಿ ಮೂರು ಸಲ ತಿರುವಿ, ಮೇಲೆ ಪುಟಾಣಿ ಪುಡಿ, ಅಂದರೆ ಹುರಿಗಡಲೆ ಪುಡಿ. ಪುಟಾಣಿ ಪುಡಿ ಉಳಿದ ನೀರನ್ನು ಹೀರಿಕೊಳ್ಳುತ್ತದೆ, ಅದಕ್ಕೇ ಕೊನೆಗೆ ಹಾಕೋದು. ಪಕ್ಕದ ಬಾಣಲೆಯಲ್ಲಿ ಆಕೆಯ ಮಗ ಮಿರ್ಚಿ ಬಿಡುತ್ತಾನೆ. ಮೊದಲ ತಟ್ಟೆ ಐದೂಮುಕ್ಕಾಲಿಗೆ ಹೋಗುತ್ತದೆ. ಒಂಬತ್ತಕ್ಕೆ ಪರಾತ ಖಾಲಿ. ಒಂಬತ್ತೂವರೆಗೆ ಕಟ್ಟೆ ತೊಳೆದು ಹೋಗಿಬಿಡುತ್ತಾಳೆ. ಸಂಜೆ ಐದೂವರೆಗೆ ಮತ್ತೆ ಮಿರ್ಚಿ ಮಾತ್ರ.

ಅಂದರೆ ಬಿಸಿಲು ಸಾಯಿಸುವ ಹೊತ್ತಿಗೆ ಆಕೆಯ ಒಲೆ ಆರಿರುತ್ತದೆ. ಆ ಐದು ತಾಸಿಗೆ ಸಂಬಳ ಇಲ್ಲ, ಕರೆಂಟು ಇಲ್ಲ, ಗ್ಯಾಸು ಇಲ್ಲ. ನನಗೆ ಕಾಮರ್ಸ್ ಡಿಗ್ರಿ ಇದೆ.

ಈಗ ಪೇಟೆಯಲ್ಲಿ ಉಳಿದುಕೊಂಡಿರುವ ಹೊಸ ಹೋಟೆಲುಗಳನ್ನು ನೋಡಿ. ಎಲ್ಲರೂ ಊರಿನ ಹೊತ್ತು ನೋಡಿ ಒಲೆ ಹಚ್ಚಿದವರು. ರೊಟ್ಟಿ ಊಟದವರು ಹನ್ನೆರಡೂವರೆಯಿಂದ ಮೂರು, ಆಮೇಲೆ ರಾತ್ರಿ ಎಂಟರಿಂದ. ನಡುವೆ ಶಟರು ಅರ್ಧಕ್ಕೆ ಎಳೆದು ಒಳಗೆ ಮಲಗುತ್ತಾರೆ. ದೋಸೆಯವರು ಸಂಜೆಗೆ ಮಾತ್ರ. ಬಿರಿಯಾನಿ ಮಾಸ್ತರರು ಇನ್ನೂ ಜಾಣರು. ಅವರು ಜೀನ್ಸ್‌ನಿಂದ ಬಂದವರಾದ್ದರಿಂದ ಜೀನ್ಸಿನವರ ಗಡಿಯಾರ ಗೊತ್ತು.

ಜೀನ್ಸ್ ಬಗ್ಗೆ ಸ್ವಲ್ಪ ಹೇಳಬೇಕು. ಈ ಊರಿನಲ್ಲಿ ದಂಡು ಇದ್ದ ಕಾಲದಲ್ಲಿ ಸಿಪಾಯಿಗಳ ಬಟ್ಟೆ ಹೊಲಿಯುತ್ತಿದ್ದ ಕೈಗಳೇ ಮುಂದೆ ಜೀನ್ಸಿಗೆ ಬಂದವು ಅಂತ ಹಿರಿಯರು ಹೇಳುತ್ತಾರೆ. ಇವತ್ತಿಗೂ ಒಂದು ಪ್ಯಾಂಟು ಮುಗಿಯೋಕೆ ಹತ್ತು ಮನೆ ಸುತ್ತುತ್ತದೆ. ಒಬ್ಬರು ಕಟ್ ಮಾಡುತ್ತಾರೆ, ಒಬ್ಬರು ಹೊಲಿಯುತ್ತಾರೆ, ಇನ್ನೊಂದು ಮನೆಯಲ್ಲಿ ಹೆಣ್ಣುಮಕ್ಕಳು ದಾರ ಕತ್ತರಿಸಿ ಗುಂಡಿ ಹಾಕುತ್ತಾರೆ. ಪೀಸಿಗೆ ಇಷ್ಟು ಅಂತ ಕೂಲಿ. ಹಬ್ಬದ ಆರ್ಡರು ಬಂದಾಗ ರಾತ್ರಿ ಹನ್ನೊಂದಕ್ಕೂ ಮಷೀನು ಓಡುತ್ತದೆ. ಪೀಸಿನ ಕೆಲಸದವರಿಗೆ ಅಡಿಗೆ ಮಾಡಿದ ಒಂದು ತಾಸು ಅಂದರೆ ಒಂದು ತಾಸಿನ ಕೂಲಿ ಹೋಯಿತು ಅಂತಲೇ ಅರ್ಥ. ಹಾಗಾಗಿ ಮನೆಯಲ್ಲಿ ಅನ್ನ ಮಾತ್ರ ಇಟ್ಟು, ಪಲ್ಯ ಸಾರು ಹೊರಗಿನಿಂದ ತರುತ್ತಾರೆ. ಕರ್ರಿ ಪಾಯಿಂಟುಗಳು ಬೆಳೆದಿದ್ದು ಹೀಗೆ. ಆಂಧ್ರದ ಕಡೆಯಿಂದ ಬಂದ ಪದ್ಧತಿ. ಪ್ಲಾಸ್ಟಿಕ್ ಕವರಿನಲ್ಲಿ ಪಪ್ಪು, ಬದನೆಕಾಯಿ, ಸಾಂಬಾರು ಕಟ್ಟಿ ಕೊಡುತ್ತಾರೆ. ಕುರ್ಚಿ ಇಲ್ಲ, ಟೇಬಲ್ ಇಲ್ಲ, ಆರು ಅಡಿ ಅಗಲದ ಮಳಿಗೆ ಸಾಕು. ಲೆಕ್ಕದ ದೃಷ್ಟಿಯಿಂದ ನನಗೆ ಇದಕ್ಕಿಂತ ಚೆಂದದ ವ್ಯಾಪಾರ ಕಾಣಿಸಿಲ್ಲ. ನೋಡೋಕೆ ಚೆಂದ ಇಲ್ಲ, ಅದು ಬೇರೆ ಮಾತು.

ನಮ್ಮ ಬಿರಿಯಾನಿ ಮಾಸ್ತರರು ಬಟವಾಡೆ ದಿನ ನೋಡಿಕೊಂಡು ಹಂಡೆ ಇಡುತ್ತಾರೆ. ವಾರದ ಕೂಲಿ ಕೈಗೆ ಬರುವ ದಿನ ಎರಡು ಹಂಡೆ, ಅದರ ಹಿಂದಿನ ದಿನ ಅರ್ಧ. ನನ್ನ ಪುಸ್ತಕದಲ್ಲಿ ಅವರ ವಾರದ ಲೆಕ್ಕ ನೋಡಿದರೆ ಗುಡ್ಡ ಏರಿ ಇಳಿದಂಗೆ ಇರುತ್ತದೆ. ಅವರಿಗೆ ಅನ್ನ ಉಳಿಯೋದೇ ಇಲ್ಲ.

ಅಡಿಗೆ ವಿಷಯಕ್ಕೆ ಬಂದರೆ, ನಮ್ಮ ತಟ್ಟೆಯಲ್ಲಿ ಎರಡು ರಾಜ್ಯ ಇವೆ. ಬಳ್ಳಾರಿ ಮದ್ರಾಸ್ ರಾಜ್ಯದಲ್ಲಿತ್ತು. 1953ರ ಅಕ್ಟೋಬರ್ 1ಕ್ಕೆ ಮೈಸೂರಿಗೆ ಬಂತು. ಆದವಾನಿ, ಆಲೂರು, ರಾಯದುರ್ಗ ಆಂಧ್ರದ ಕಡೆ ಹೋದವು. ಗಡಿ ಬಿತ್ತು, ಬೀಗತನ ಬಿಡಲಿಲ್ಲ. ನಾವು ಒಗ್ಗರಣಿ ಅನ್ನೋದನ್ನು ತೆಲುಗು ಮನೆಯವರು ಉಗ್ಗಾಣಿ ಅನ್ನುತ್ತಾರೆ. ನಮ್ಮ ಪುಂಡಿ ಅವರ ಗೋಂಗೂರ, ಎಲೆ ಒಂದೇ. ನಾವು ಅದಕ್ಕೆ ಬೇಳೆ, ಜೋಳದ ನುಚ್ಚು ಹಾಕಿ ಪಲ್ಯ ಮಾಡುತ್ತೇವೆ. ಅವರು ಖಾರ ಎಣ್ಣೆ ಹಾಕಿ ಪಚ್ಚಡಿ ಮಾಡುತ್ತಾರೆ. ಗೋಡೌನಿನ ರೊಟ್ಟಿ ಹೋಟೆಲಿನಲ್ಲಿ ಎರಡೂ ಸಿಗುತ್ತವೆ, ಒಂದೇ ತಟ್ಟೆಯಲ್ಲಿ, ಎರಡು ಹೆಸರಿನಲ್ಲಿ. ಮೊದಲ ಸಲ ನಾನು "ಒಂದೇ ಸೊಪ್ಪಿಗೆ ಎರಡು ಸಲ ದುಡ್ಡು ತಗೋತೀಯಲ್ಲೋ" ಅಂದೆ. "ಸರ, ತಿಂದು ಹೇಳ್ರಿ" ಅಂದ. ತಿಂದೆ. ಸುಮ್ನಾದೆ.

ಈ ರೊಟ್ಟಿ ಹೋಟೆಲಿನ ಒಳಗಿನ ಲೆಕ್ಕ ನೋಡಿದರೆ ಇನ್ನೊಂದು ವಿಷಯ ತಿಳಿಯುತ್ತದೆ. ಜೋಳದ ಹಿಟ್ಟಿಗೆ ಗೋಧಿಯಂತೆ ಜಿಗುಟು ಇಲ್ಲ. ಬಿಸಿನೀರು ಹಾಕಿ ನಾದಬೇಕು, ಕೈಯಲ್ಲಿ ಬಡಿಯಬೇಕು, ನಾದಿದ ಹಿಟ್ಟು ತಾಸುಗಟ್ಟಲೆ ಇಟ್ಟರೆ ಬಿರುಕು ಬಿಡುತ್ತದೆ. ಆದ್ದರಿಂದ ರೊಟ್ಟಿ ಹೋಟೆಲಿಗೆ ನಿಜವಾದ ಬಂಡವಾಳ ರೊಟ್ಟಿ ಬಡಿಯುವ ಹೆಣ್ಣುಮಕ್ಕಳು. ಅವರಲ್ಲಿ ಇಬ್ಬರು ಊರಿಗೆ ಹೋದರೆ ಅವತ್ತು ಹೋಟೆಲು ಬಂದ್. ಕಡಕ್ ರೊಟ್ಟಿ ಹಾಗಲ್ಲ, ಮನೆಯಲ್ಲೇ ಮಾಡಿ ಬಟ್ಟೆಯಲ್ಲಿ ಕಟ್ಟಿ ತಂದು ಕೊಡುತ್ತಾರೆ, ವಾರಗಟ್ಟಲೆ ಇರುತ್ತದೆ. ಈ ಒಂದು ಹೋಟೆಲಿನಿಂದ ಆಸುಪಾಸಿನ ಏಳು ಮನೆಗೆ ರೊಟ್ಟಿ ದುಡ್ಡು ಹೋಗುತ್ತದೆ. ಅಕ್ಕಿ ಸಿರುಗುಪ್ಪದ್ದು, ಮೆಣಸಿನಕಾಯಿ ಕುರುಗೋಡು ಕಡೆಯದ್ದು. ಹೈವೇ ಬದಿಯ ಕಂಪನಿ ಹೋಟೆಲಿನ ಬಿಲ್ಲು ಒಮ್ಮೆ ನೋಡಿದ್ದೆ. ಅಲ್ಲಿ ಕೊತ್ತಂಬರಿ ಬಿಟ್ಟರೆ ಉಳಿದಿದ್ದೆಲ್ಲ ಫ್ರೀಜರ್ ಲಾರಿಯಲ್ಲಿ ಬಂದದ್ದು.

ಡೆಲಿವರಿ ಆ್ಯಪ್ ಬಗ್ಗೆ ಕೇಳುತ್ತಾರೆ. ಬಿಸಿ ರೊಟ್ಟಿ ಡಬ್ಬಿಗೆ ಹಾಕಿದರೆ ಹದಿನೈದು ನಿಮಿಷಕ್ಕೆ ಚಪ್ಪಲಿ ಆಗುತ್ತದೆ. ಮಿರ್ಚಿ ಮೆತ್ತಗಾಗುತ್ತದೆ. ಬಿರಿಯಾನಿ ಹಾಗೇ ಇರುತ್ತದೆ. ಅದಕ್ಕೇ ಆ್ಯಪ್ ನೋಡಿದರೆ ಬಳ್ಳಾರಿಯವರು ಬಿರಿಯಾನಿ ಬಿಟ್ಟು ಬೇರೇನೂ ತಿನ್ನಲ್ಲ ಅನಿಸುತ್ತದೆ. ಕಮಿಷನ್ ಜಾಸ್ತಿ. ನಾನು ಯಾರಿಗೂ ಬೇಡ ಅನ್ನಲ್ಲ, ಆದರೆ ಬಂದ ಆರ್ಡರು ಎಣಿಸಬೇಡಿ, ಕೈಗೆ ಬಂದ ದುಡ್ಡು ಎಣಿಸಿ ಅನ್ನುತ್ತೇನೆ.

ತೆರಿಗೆ ಬೇಗ ಹೇಳಿ ಮುಗಿಸುತ್ತೇನೆ, ಮಿರ್ಚಿ ನೆನಪಿದೆ. 2017ರ ನವೆಂಬರ್ 15ರಿಂದ ಇಂಥ ಹೋಟೆಲುಗಳಿಗೆ 5 ಪರ್ಸೆಂಟ್ ಜಿಎಸ್‌ಟಿ. ಕಡಿಮೆ ಅಲ್ವಾ ಅಂತೀರಿ. ಆದರೆ ನೀವು ಕೊಂಡ ಗ್ರೈಂಡರು, ಫ್ರಿಜ್ಜು, ಸ್ಟೀಲ್ ಟೇಬಲ್ಲಿನ ಮೇಲೆ ಕಟ್ಟಿದ ತೆರಿಗೆಯನ್ನು ಅದರಲ್ಲಿ ಕಳೆಯೋಕೆ ಬರಲ್ಲ. ಅದು ಹೋಯಿತು ಅಂತಲೇ ಲೆಕ್ಕ. ಹೊಸದಾಗಿ ಶುರು ಮಾಡುವವನಿಗೆ ಪೆಟ್ಟು ಬೀಳೋದು ಇಲ್ಲೇ. ಅದಕ್ಕೆ ಹಳೇ ಪಾತ್ರೆ, ಹಳೇ ಗ್ರೈಂಡರು ಕೊಳ್ಳಿ, ನಾಚಿಕೆ ಪಡಬೇಡಿ ಅನ್ನುತ್ತೇನೆ. ವರ್ಷಕ್ಕೆ 20 ಲಕ್ಷದೊಳಗೆ ವ್ಯಾಪಾರ ಇದ್ದರೆ ನೋಂದಣಿಯೇ ಬೇಕಿಲ್ಲ. 2025ರ ಜುಲೈನಲ್ಲಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ಯುಪಿಐ ಲೆಕ್ಕ ನೋಡಿ ನೋಟಿಸು ಹೋದಾಗ ನನ್ನ ಫೋನಿಗೆ ಬಿಡುವಿರಲಿಲ್ಲ. ಒಗ್ಗರಣಿಯಾಕೆ ಕ್ಯೂಆರ್ ಹಾಳೆ ಕಿತ್ತು ಸೆರಗಿನಲ್ಲಿ ಸುತ್ತಿಕೊಂಡು ಬಂದಿದ್ದಳು. ಲೆಕ್ಕ ಮಾಡಿ ನೋಡಿದೆವು, ಆಕೆ ಮಿತಿಯ ಹತ್ತಿರವೂ ಇರಲಿಲ್ಲ. ಹಾಳೆಯನ್ನು ನಾನೇ ಗಮ್ ಹಾಕಿ ಅಂಟಿಸಿ ಬಂದೆ.

ಈಗ ಬಾಡಿಗೆ. ಇಲ್ಲಿ ಮಾಲೀಕರು ಜಾಸ್ತಿ ಕೂತಿದ್ದಾರೆ, ಗೊತ್ತು. ಅದಕ್ಕೇ ಕೊನೆಗೆ ಇಟ್ಟುಕೊಂಡಿದ್ದೇನೆ.

ಪೇಟೆಯಲ್ಲಿ ಮಳಿಗೆ ಕೊಡೋದು 11 ತಿಂಗಳ ಕರಾರಿನ ಮೇಲೆ. ಯಾಕೆ 11? 1908ರ ನೋಂದಣಿ ಕಾಯ್ದೆ ಪ್ರಕಾರ ಒಂದು ವರ್ಷ ದಾಟಿದ ಗುತ್ತಿಗೆಯನ್ನು ರಿಜಿಸ್ಟರ್ ಮಾಡಿಸಬೇಕು. ಆ ಖರ್ಚು, ಓಡಾಟ ಬೇಡ ಅಂತ 11. ಬಟ್ಟೆ ಅಂಗಡಿಗೆ ಇದು ನಡೆಯುತ್ತದೆ. ಬೇಡ ಅಂದರೆ ಗಂಟು ಕಟ್ಟಿ ಪಕ್ಕದ ಬೀದಿಗೆ ಹೋಗಬಹುದು. ಹೋಟೆಲು ಗಂಟು ಕಟ್ಟೋಕೆ ಬರಲ್ಲ. ಗೋಡೆ ಒಡೆದು ಚಿಮಣಿ ಬಿಟ್ಟಿರುತ್ತಾನೆ, ನೆಲ ಅಗೆದು ಮೋರಿಗೆ ಪೈಪು ಹಾಕಿರುತ್ತಾನೆ, ಕರೆಂಟು ಜಾಸ್ತಿ ಮಾಡಿಸಿರುತ್ತಾನೆ. ಎಲ್ಲ ನಿಮ್ಮ ಗೋಡೆಯಲ್ಲೇ ಉಳಿಯುತ್ತದೆ. ಆ ಸಾಲ ತೀರೋಕೆ ಮೂರು ವರ್ಷ ಬೇಕು. ಕೈಯಲ್ಲಿರುವ ಕಾಗದ 11 ತಿಂಗಳದ್ದು.

ಒಂದು ದೋಸೆ ಹೋಟೆಲಿನ ಕತೆ ಹೇಳುತ್ತೇನೆ, ಬೀದಿಯ ಹೆಸರು ಹೇಳಲ್ಲ. ಎಂಟು ವರ್ಷ ಮುಚ್ಚಿದ್ದ ಮಳಿಗೆ. ಇಲಿ, ಜೇಡ. ಗಂಡ ಹೆಂಡತಿ ಬಂದರು, ಸುಣ್ಣ ಹೊಡೆದರು, ಹಂಚು ಇಟ್ಟರು. ಮೊದಲ ವರ್ಷ ತಿಣುಕಾಡಿದರು. ಎರಡನೇ ವರ್ಷ ಸಂಜೆ ಸಾಲು ನಿಂತಿತು. ಸಾಲು ನಿಂತ ಮೇಲೆ ಪಕ್ಕದಲ್ಲಿ ಐಸ್‌ಕ್ರೀಮಿನವನು ಬಂದ, ಎದುರಿಗೆ ಪಾನ್ ಅಂಗಡಿ ಬಂತು, ಆಚೆ ಮಗ್ಗುಲಲ್ಲಿ ಮೊಬೈಲ್ ಅಂಗಡಿ ಹತ್ತು ಗಂಟೆವರೆಗೂ ತೆಗೆಯಿತು. ಬೀದಿ ಬದುಕಿತು. ಮೂರನೇ ಕರಾರಿಗೆ ಬಾಡಿಗೆ ಒಂದಕ್ಕೆರಡು ಆಯಿತು. "ನಿಮ್ಮ ಬೀದಿ ಈಗ ಡಿಮ್ಯಾಂಡ್ ಅದ" ಅಂತ ಕಾರಣ. ಅವರು ಬಿಟ್ಟು ಹೋದರು. ಆ ಮಳಿಗೆ ಮತ್ತೆ ಮುಚ್ಚಿದೆ. ಹೋದ ವಾರ ಐಸ್‌ಕ್ರೀಮಿನವನೂ ಫ್ರಿಜ್ಜು ಮಾರುತ್ತಿದ್ದೇನೆ ಅಂತ ಫೋನು ಮಾಡಿದ್ದ.

(ಇಲ್ಲಿ ಸಭೆಯಲ್ಲಿ ಗದ್ದಲ ಆಯಿತು. ಒಬ್ಬರು ಎದ್ದು, "ಮಳಿಗಿ ನಮ್ದು, ಬಾಡಿಗಿ ಎಷ್ಟರ ಹೇಳ್ತೀವಿ, ನಿಮಗ್ಯಾಕ?" ಅಂದರು. ಇನ್ನೊಬ್ಬರು, "ಬಿಡ್ರಿ ಅಂದ್ರ ಬಿಡಂಗಿಲ್ಲ, ಕೋರ್ಟಿಗೆ ಹತ್ತು ವರ್ಷ ತಿರಗ್ಯಾರ ನಮ್ಮಣ್ಣ" ಅಂದರು. ಎರಡನೇ ಮಾತು ನ್ಯಾಯವಾದದ್ದು ಅಂತ ನಾನು ಅಲ್ಲೇ ಒಪ್ಪಿಕೊಂಡೆ.)

ನೀವು ಹೇಳೋದು ಸರಿ. ಮಾಲೀಕರಿಗೂ ಹೆದರಿಕೆ ಇದೆ. ಬಾಡಿಗೆಗೆ ಬಂದವನು ಊರಿಕೊಂಡರೆ? ಅಣ್ಣತಮ್ಮಂದಿರಲ್ಲಿ ಪಾಲು ಆಗಬೇಕಾಗಿ ಬಂದರೆ? 11 ತಿಂಗಳ ಕಾಗದ ಆ ಹೆದರಿಕೆಯಿಂದ ಹುಟ್ಟಿದ್ದು, ಆಸೆಯಿಂದ ಮಾತ್ರ ಅಲ್ಲ. ಆದರೆ ಅರ್ಧಂಬರ್ಧ ಕಾಗದ ನಿಮ್ಮನ್ನೂ ಕಾಯಲ್ಲ. ರಿಜಿಸ್ಟರ್ ಆದ ಐದು ವರ್ಷದ ಕರಾರಿನಲ್ಲಿ ಯಾವ ವರ್ಷ ಎಷ್ಟು ಏರಿಕೆ, ಯಾವಾಗ ಬಿಡಬೇಕು, ಚಿಮಣಿ ಯಾರದು, ಎಲ್ಲ ಬರೆದಿರುತ್ತದೆ. ಕೋರ್ಟಿಗೆ ಹೋದರೂ ತೋರಿಸೋಕೆ ಏನಾದರೂ ಇರುತ್ತದೆ.

ನಮ್ಮ ಊರಿನ ಒಂದು ಭಾಗಕ್ಕೆ ಕೌಲ್ ಬಜಾರ್ ಅಂತ ದಿನಾ ಹೇಳುತ್ತೇವೆ. ಕೌಲು ಅಂದರೆ ಏನು? ಎಷ್ಟೋ ಜನ ಗುಡ್ಡದ ಹೆಸರು, ಯಾರೋ ದೊರೆ ಹೆಸರು ಅಂದುಕೊಂಡಿದ್ದಾರೆ. ಬ್ರೂಸ್ ಪೇಟೆಯ ಬ್ರೂಸ್ ಏನೋ ಇಂಗ್ಲಿಷ್ ಅಧಿಕಾರಿಯೇ. ಕೌಲು ಮನುಷ್ಯನ ಹೆಸರಲ್ಲ, ಅದು ಒಂದು ಕಾಗದ. ಪಾಳು ಬಿದ್ದ ಹೊಲಕ್ಕೆ ರೈತರನ್ನು ಕರೆಯೋಕೆ, ಹೊಸ ಪೇಟೆಗೆ ವರ್ತಕರನ್ನು ಕರೆಯೋಕೆ ಆಗಿನವರು ಬರೆದು ಕೊಡುತ್ತಿದ್ದ ಕರಾರು. ಬಾ, ಇಲ್ಲಿ ನೆಲೆ ನಿಲ್ಲು, ಮೊದಲ ಕೆಲವು ವರ್ಷ ಕಡಿಮೆ ಕೊಡು, ಬೇರು ಬಿಟ್ಟ ಮೇಲೆ ಪೂರ್ತಿ ಕೊಡು ಅಂತ. 1800ರಲ್ಲಿ ಬಳ್ಳಾರಿ ಸೀಮೆ ಈಸ್ಟ್ ಇಂಡಿಯಾ ಕಂಪನಿ ಕೈಗೆ ಹೋಯಿತು, ದಂಡು ಬಂದು ಇಳಿಯಿತು, ದಂಡಿಗೆ ಬಜಾರು ಬೇಕಾಯಿತು. ಕಂಪನಿಯವರು ಧರ್ಮಕ್ಕೆ ಮಾಡಿದವರಲ್ಲ, ಒಂದು ಕಾಸೂ ಬಿಟ್ಟವರಲ್ಲ. ಅಂಥವರಿಗೇ ಗೊತ್ತಿತ್ತು, ಮೊದಲ ವರ್ಷವೇ ಹಿಂಡಿದರೆ ಬಜಾರು ನಿಲ್ಲಲ್ಲ ಅಂತ.

ಇನ್ನೂರು ವರ್ಷದಿಂದ ಆ ಕಾಗದದ ಹೆಸರು ಹೊತ್ತ ಬಜಾರಿನಲ್ಲಿ ಇವತ್ತು ಒಂದು ಒಲೆಗೆ 11 ತಿಂಗಳ ಮೇಲೆ ಕೌಲು ಸಿಗಲ್ಲ.

ನಾನು ಕೇಳೋದು ದೊಡ್ಡದೇನಲ್ಲ. ಖಾಲಿ ಬಿದ್ದಿರುವ ಮಳಿಗೆ ಇದ್ದವರು ಒಂದು ಸಲ ಹೀಗೆ ಬರೆದು ನೋಡಿ. ಐದು ವರ್ಷ, ರಿಜಿಸ್ಟರ್. ಮೊದಲ ಆರು ತಿಂಗಳು ಅರ್ಧ ಬಾಡಿಗೆ, ಆಮೇಲೆ ವರ್ಷಕ್ಕೆ ಇಷ್ಟು ಅಂತ ಏರಿಕೆ. ಬೇಕಾದರೆ ಬಾಡಿಗೆ ಸ್ವಲ್ಪ, ವ್ಯಾಪಾರದಲ್ಲಿ ಪಾಲು ಸ್ವಲ್ಪ ಅಂತಲೂ ಬರೆಯಬಹುದು. ದೊಡ್ಡ ಊರಿನ ಮಾಲುಗಳಲ್ಲಿ ಹಾಗೇ ಮಾಡುತ್ತಾರೆ. ಆ ಲೆಕ್ಕ ನಾನು ಬರೆದು ಕೊಡುತ್ತೇನೆ, ಮೊದಲ ವರ್ಷ ಫೀಸು ಬೇಡ. ಹೋಟೆಲು ಇಡುವ ಹುಡುಗರಿಗೆ ನನ್ನ ಮಾತು ಇಷ್ಟೇ: ಮಳಿಗೆ ನೋಡೋ ಮುಂಚೆ ಆ ಬೀದಿಯಲ್ಲಿ ಬೆಳಿಗ್ಗೆ ಐದೂವರೆಗೆ ಒಂದು ಸಲ, ಮಧ್ಯಾಹ್ನ ಎರಡಕ್ಕೆ ಒಂದು ಸಲ, ರಾತ್ರಿ ಹತ್ತಕ್ಕೆ ಒಂದು ಸಲ ನಿಂತು ಬನ್ನಿ. ಮತ್ತೆ, ಗೋಡೆಗೆ ಸೈಕಲ್ ಹಾಕಬೇಡಿ.

ಮಿರ್ಚಿ ತರಿಸ್ರಿ. ನಮಸ್ಕಾರ.

(ಸಭೆ ಮುಗಿದ ಮೇಲೆ, ಗದ್ದಲದಲ್ಲಿ ಮೊದಲು ಎದ್ದು ನಿಂತಿದ್ದವರೇ ನನ್ನ ಹತ್ತಿರ ಬಂದರು. ತಟ್ಟೆ ಕೈಯಲ್ಲಿತ್ತು. "ಐದು ವರ್ಷದ್ದು ಆಮ್ಯಾಲ ನೋಡೂಣು. ಹೊಗಿ ಎಲ್ಲಿ ಬಿಡ್ತಾರ ಅದನ್ನ ಹೇಳ್ರಿ. ಮ್ಯಾಲ ನಮ್ಮನಿ ಅದ" ಅಂದರು. ನೋಡದೇ ಹೇಳೋಕೆ ಬರಲ್ಲ ಅಂದೆ. ಅಲ್ಲಿಂದ ಎರಡು ಬೀದಿ ಆಚೆ ಇತ್ತು ಅವರ ಮಳಿಗೆ. ನಡೆದುಕೊಂಡೇ ಹೋದೆವು. ಶಟರಿಗೆ ತುಕ್ಕು ಹಿಡಿದಿತ್ತು, ಇಬ್ಬರೂ ಸೇರಿ ಎತ್ತಿದೆವು. ಒಳಗೆ ಕರೆಂಟಿಲ್ಲ. ಮೊಬೈಲ್ ಬೆಳಕಿನಲ್ಲಿ ಹಿಂದಿನ ಗೋಡೆವರೆಗೆ ಹೋದರೆ ಎತ್ತರದಲ್ಲಿ ಒಂದು ಸಣ್ಣ ಕಿಟಕಿ, ಹಲಗೆ ಹೊಡೆದು ಮುಚ್ಚಿದ್ದರು. "ಇದರಾಗಿಂದ ಪೈಪು ಹೊರಗ ಹೋಗತೈತಿ, ನಿಮ್ಮನಿಗೆ ಹೊಗಿ ಬರಂಗಿಲ್ಲ" ಅಂದೆ. ಅವರು ಬೆಳಕನ್ನು ಕಿಟಕಿಯ ಮೇಲೆ ಹಿಡಿದುಕೊಂಡೇ ಇದ್ದರು. "ಈ ಹಲಗಿ ನಮ್ಮಪ್ಪ ಹೊಡೆಸಿದ್ದು, ಇಲ್ಲಿ ಮೊದಲು ಖಾನಾವಳಿ ಇತ್ತು" ಅಂದರು.)